ಸುಕ್ಕಿಲ್ಲದ ಪರದೆ

ಬಟ್ಟೆಯ ಮೇಲೆ ಸುಕ್ಕು ಕಂಡರೆ ಸಹಿಸಲಾರೆ ಎನ್ನುವ ಗಂಡಸರನ್ನು ನಾನು ನಂಬುವುದಿಲ್ಲ. ಅವರ ಅಂಗಿಗೆ ಇಸ್ತ್ರಿ ಹಾಕುವವರು ಬೇರೆ ಯಾರೋ ಇರುತ್ತಾರೆ. ನಮ್ಮ ಮನೆಯಲ್ಲಿ ಆ ಬೇರೆ ಯಾರೋ ನಾನು. ನನ್ನ ಯಜಮಾನರು ಬೆಳಿಗ್ಗೆ ಎದ್ದು ಹೋದ ಮೇಲೆ ಅವರ ಹೊದಿಕೆ ದನ ಎಳೆದು ಮೇದ ಹುಲ್ಲಿನ ಹಾಗೆ ಬಿದ್ದಿರುತ್ತದೆ. ಅದನ್ನು ಕೊಡವಿ ಮಡಿಸಿಡಬೇಕೆಂದು ಮದುವೆಯಾದ ಮೇಲೆ ಒಂದು ದಿನವೂ ಅವರಿಗೆ ತೋಚಿದ್ದಿಲ್ಲ. ಅಂಥವರು ಒಂದು ಭಾನುವಾರ, ನಡುಮನೆಯ ಗೋಡೆಗೆ ನಾನು ಕಟ್ಟಿದ್ದ ಬಿಳಿ ದುಪ್ಪಟಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಒಂದು ಕಣ್ಣು ಮುಚ್ಚಿ, "ಎಡಗಡೆ ಮೂಲೇಲಿ ಒಂದು ಅಲೆ ಇದೆ ಕಣೇ" ಎಂದರೆ ನನಗೆ ಹೇಗಾಗಬೇಡ?

ಇವರ ಉದ್ಯೋಗವೇ ಅಂಥದು. ಪೀಣ್ಯದಲ್ಲಿ ಯಂತ್ರಗಳನ್ನು ತಯಾರಿಸುವ ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇವರು ಅಧಿಕಾರಿ. ಅಲ್ಲಿ ಬೇರೆಯವರು ವಸ್ತು ಮಾಡುತ್ತಾರೆ, ಇವರು ಅದು ಸರಿಯಿಲ್ಲ ಎನ್ನುತ್ತಾರೆ. ಅದಕ್ಕೆ ಸಂಬಳ, ಕ್ಯಾಂಟೀನಿನಲ್ಲಿ ಊಟ, ವರ್ಷಕ್ಕೊಮ್ಮೆ ಬೋನಸ್ಸು. ಕಬ್ಬಿಣದ ಹಲಗೆಗೆ ನೀಲಿ ಬಣ್ಣ ಸವರಿ, ಅದರ ಮೇಲೆ ಯಂತ್ರದ ಭಾಗವನ್ನು ತಿಕ್ಕಿ, ನೀಲಿ ಎಲ್ಲಿ ಅಂಟಿತು ಎಲ್ಲಿ ಅಂಟಲಿಲ್ಲ ಎಂದು ನೋಡಿ, ಉಬ್ಬು ತಗ್ಗು ಕಂಡುಹಿಡಿಯುತ್ತಾರಂತೆ. ಕೂದಲೆಳೆಯನ್ನು ಸೀಳಿದಷ್ಟು ಉಬ್ಬಿದ್ದರೂ ರಿಜೆಕ್ಟ್. ಈ ಕಣ್ಣನ್ನು ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಬಂದರೆ ನನಗೇನೂ ಬೇಸರವಿಲ್ಲ. ಊಟದ ಡಬ್ಬಿಯ ಜೊತೆ ಅದನ್ನೂ ಮನೆಗೆ ತರುತ್ತಾರೆ. ದೋಸೆಯ ಅಂಚು ಒಂದು ಕಡೆ ದಪ್ಪವಂತೆ. ಗೋಡೆಯ ಕ್ಯಾಲೆಂಡರು ಬಲಕ್ಕೆ ವಾಲಿದೆಯಂತೆ. ವಾಲಿದ್ದರೆ ವಾಲಲಿ, ತಾರೀಖೇನೂ ಅದರಿಂದ ಉದುರಿ ಬೀಳುವುದಿಲ್ಲವಲ್ಲ.

ಈ ಪರದೆಯ ಪುರಾಣಕ್ಕೆ ಮೂಲ ಒಬ್ಬ ಜರ್ಮನ್ ಎಂಜಿನಿಯರು. ಇವರ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದು ಕೆಲವು ವರ್ಷ ಇಲ್ಲೇ ಇದ್ದ ಮನುಷ್ಯ. ನಮ್ಮ ಮದುವೆಗೂ ಬಂದಿದ್ದ. ಕೈಯಲ್ಲೊಂದು ಪುಟ್ಟ ಸಿನಿಮಾ ಕ್ಯಾಮೆರಾ ಹಿಡಿದು, ಛತ್ರದಲ್ಲಿ ಕಂಡದ್ದನ್ನೆಲ್ಲ ಸೆರೆಹಿಡಿದುಕೊಂಡು ತಿರುಗಿದ. ಕೊನೆಗೆ ತನ್ನ ದೇಶಕ್ಕೆ ಹೊರಟಾಗ ಹೊತ್ತುಕೊಂಡು ಹೋಗಲಾರದ್ದನ್ನು ಸ್ನೇಹಿತರಿಗೆ ಹಂಚಿದ. ಯಾರಿಗೋ ಫ್ಯಾನು ಸಿಕ್ಕಿತು, ಯಾರಿಗೋ ನಾಯಿ ಸಿಕ್ಕಿತು. ನಮ್ಮ ಪಾಲಿಗೆ ಬಂದದ್ದು ಒಂದು ಪ್ರೊಜೆಕ್ಟರು ಮತ್ತು ಅಂಗೈಯಗಲದ ಒಂದು ರೀಲು. ಆ ರೀಲಿನೊಳಗೆ ನಮ್ಮ ಮದುವೆ ಇತ್ತು. ಮಾತಿಲ್ಲ, ವಾದ್ಯವಿಲ್ಲ, ಹಾಲು ಕಾಯುವಷ್ಟು ಹೊತ್ತಿನ ಚಿತ್ರ, ಅಷ್ಟೆ.

ಮೊದಲ ದಿನವೇ ಗೋಡೆಯ ಮೇಲೆ ಬಿಟ್ಟು ನೋಡಿದೆವು. ಚಿಕ್ಕಬಾಣಾವರದ ಕಡೆ ಇರುವ ನಮ್ಮ ಬಾಡಿಗೆ ಮನೆಯ ಗೋಡೆಗೆ ಒಡತಿ ಮುನಿಯಮ್ಮ ಹಸಿರು ಬಣ್ಣ ಹೊಡೆಸಿದ್ದಳು. ಅದರ ಮೇಲೆ ಛತ್ರದ ಬಾಗಿಲಲ್ಲಿ ನಿಂತಿದ್ದ ಬೀಗರೆಲ್ಲ ಕಾಮಾಲೆಯಾದವರಂತೆ ಕಂಡರು. ಇವರು ತಟ್ಟನೆ ಯಂತ್ರ ನಿಲ್ಲಿಸಿದರು. "ಸರಿಯಾದ ಪರದೆ ಇಲ್ದೆ ಇದನ್ನ ನೋಡೋದು ಬೇಡ. ನೋಡಿದ್ರೆ ಸರಿಯಾಗಿ ನೋಡ್ಬೇಕು" ಎಂದರು. ನಾನೂ ಪೆದ್ದಿಯ ಹಾಗೆ ಒಪ್ಪಿ ದುಪ್ಪಟಿ ತಂದುಕೊಟ್ಟೆ.

ಆ ರೀಲಿಗಾಗಿ ನನಗಿಂತ ಹೆಚ್ಚು ಕಾದಿದ್ದವಳು ನನ್ನ ಅಮ್ಮ. ಅಮ್ಮ ನನ್ನ ಮದುವೆಯನ್ನು ನೋಡಿರಲಿಲ್ಲ. ಊರಲ್ಲಿರಲಿಲ್ಲವೇನೋ ಎಂದುಕೊಳ್ಳಬೇಡಿ. ಅದೇ ಛತ್ರದಲ್ಲೇ ಇದ್ದಳು. ಹಪ್ಪಳ ಒತ್ತಿದವಳು ಅವಳು, ಉಂಡೆ ಕಟ್ಟಿದವಳು ಅವಳು, ನನಗೆ ಧಾರೆ ಸೀರೆ ಆರಿಸಿದವಳೂ ಅವಳೇ. ಮುಹೂರ್ತ ಹತ್ತಿರ ಬಂದಾಗ ನನ್ನ ಸೋದರಮಾವ, ಅಂದರೆ ಅವಳ ತಮ್ಮ, ಬಂದು, "ಅಕ್ಕಾ, ನೀನು ಉಗ್ರಾಣ ನೋಡ್ಕೋ" ಎಂದರು. ಗಂಡ ಸತ್ತವಳು ಧಾರೆಯ ಹೊತ್ತಿಗೆ ಮಂಟಪದ ಕಣ್ಣಿಗೆ ಬೀಳಬಾರದು ಎನ್ನುವುದನ್ನು ನಮ್ಮ ಕಡೆ ಹೀಗೆ ಮರ್ಯಾದೆಯಾಗಿ ಹೇಳುತ್ತಾರೆ. ಉಗ್ರಾಣದಲ್ಲಿ ನೋಡುವುದಕ್ಕೆ ಏನಿತ್ತು? ಬೆಲ್ಲ, ಬೇಳೆ, ಒಂದು ರಾಶಿ ಕುಂಬಳಕಾಯಿ. ಅವಳು ಒಳಗೆ ಹೋದಳು, ಮಾವ ಬಾಗಿಲು ಎಳೆದುಕೊಂಡರು. ಧಾರೆಯ ನೀರನ್ನು ಮಾವ ಅತ್ತೆ ಎರೆದರು. ಹೆತ್ತವಳ ಕಣ್ಣು ಬಿದ್ದರೆ ಮಗಳಿಗೆ ಕೇಡಂತೆ! ಮಂಟಪದ ಮುಂದೆ ಸಾಲಾಗಿ ಕೂತಿದ್ದ ಮುತ್ತೈದೆಯರಲ್ಲಿ ನನ್ನ ಒಡವೆ ನೋಡಿ ಹೊಟ್ಟೆ ಉರಿದುಕೊಳ್ಳದವಳು ಯಾರಿದ್ದಳೋ ನನಗೆ ಗೊತ್ತಿಲ್ಲ. ಅವರ ಕಣ್ಣಿಗೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ.

ಅಮ್ಮ ಕಾಡುಗೋಡಿಯಲ್ಲಿ ಈ ಮಾವನ ಮನೆಯಲ್ಲೇ ಇರುವುದು. ಮಾವನ ಕೊನೆಯ ಮಗಳ ಮದುವೆ ಗೊತ್ತಾಗಿತ್ತು. ಆ ಕೆಲಸಗಳು ಶುರುವಾದರೆ ಅಮ್ಮನಿಗೆ ಉಸಿರು ಬಿಡಲೂ ಆಗುವುದಿಲ್ಲವೆಂದು, ಅದಕ್ಕೂ ಮೊದಲು ಒಂದು ವಾರದ ಮಟ್ಟಿಗೆ ನಮ್ಮ ಮನೆಗೆ ಕರೆದೆ. ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಹಿಂದಿರುಗಲೇಬೇಕು ಎಂದು ಹೇಳಿಯೇ ಬಂದಳು. ಬಂದವಳು ಕಾಲು ತೊಳೆದು, ನೀರು ಕುಡಿದು, ಮೊದಲು ಕೇಳಿದ್ದು ಒಂದೇ ಮಾತು.

"ಅದೇನೋ ಮದುವೆ ಸಿನಿಮಾ ಬಂದಿದೆ ಅಂತ ಬರೆದಿದ್ಯಲ್ಲೆ. ಧಾರೆ ಎರೆಯೋದೂ ಇದ್ಯಂತಾ ಅದ್ರಲ್ಲಿ?"

"ಇದ್ಯಂತೆ ಅಮ್ಮ. ಪರದೆ ಸರಿಮಾಡಿ ತೋರಿಸ್ತಾರಂತೆ."

"ನಿಧಾನವಾಗಿ ಮಾಡ್ಲಿ ಬಿಡು" ಎಂದಳು. ನನ್ನ ಯಜಮಾನರಿಗೆ ಬೇಕಾಗಿದ್ದುದೂ ಅದೇ.

ದುಪ್ಪಟಿಯ ಕಥೆ ಹೀಗಾಯಿತು. ನಾಲ್ಕು ಮೂಲೆಗೆ ಮೊಳೆ ಹೊಡೆದು ಎಳೆದು ಕಟ್ಟಿದರೆ ಪ್ರತಿ ಮೂಲೆಯಿಂದ ನಡುವಿಗೆ ಒಂದೊಂದು ಗೆರೆ ಎದ್ದಿತು. ಸಡಿಲ ಬಿಟ್ಟರೆ ಹೊಟ್ಟೆ ಜೋತುಬಿತ್ತು. ಗಂಜಿ ಹಾಕು ಎಂದರು. ಹಾಕಿದೆ. ಒಣಗಿದ ಮೇಲೆ ಅದು ಹಪ್ಪಳವಾಗಿ, ಮುಟ್ಟಿದಲ್ಲೆಲ್ಲ ಹೊಸ ಗೆರೆ ಬಿದ್ದವು. ಬಟ್ಟೆಗೆ ತೂಗುಬಿದ್ದು ಗೊತ್ತು, ಸುತ್ತಿಕೊಂಡು ಗೊತ್ತು. ಗಾಜಿನ ಹಾಗೆ ನಿಲ್ಲು ಎಂದರೆ ಅದು ಎಲ್ಲಿಗೆ ಹೋಗಬೇಕು? ಇಷ್ಟು ಹೇಳಿದ್ದಕ್ಕೆ ಇವರು ನನ್ನನ್ನು ಕನಿಕರದಿಂದ ನೋಡಿ, "ಇದು ಟೆನ್ಷನ್ ವಿಷಯ. ನಿಂಗೆ ಅರ್ಥವಾಗಲ್ಲ" ಎಂದರು. ಟೆನ್ಷನ್ ಏನೆಂದು ನನಗೆ ಆ ವಾರ ಚೆನ್ನಾಗಿಯೇ ಅರ್ಥವಾಯಿತು.

ಮಾರನೆಯ ದಿನ ಕಾರ್ಖಾನೆಗೆ ರಜೆ ಹಾಕಿ ಬಿಳಿಯ ರೆಕ್ಸಿನ್ ತಂದರು. ಲಾರಿಯ ಸೀಟಿಗೆ ಹೊದಿಸುವಂಥದು. ಅಂಗಡಿಯವನು ಅದನ್ನು ಎಷ್ಟು ಕಾಲದಿಂದ ಮಡಿಸಿಟ್ಟಿದ್ದನೋ, ಬಿಚ್ಚಿದರೆ ಚೌಕಾಬಾರದ ಮನೆಯಂತೆ ಮೈತುಂಬ ಗೆರೆ. ಬಿಸಿ ತಾಕಿದರೆ ಗೆರೆ ಹೋಗುತ್ತದೆ ಎಂದು ಬಿಸಿಲಿಗೆ ಹಾಕಿದರು. ಹೋಯಿತು, ನಿಜ. ಗೆರೆ ಹೋಗಿ ಆ ಜಾಗದಲ್ಲಿ ಅಲೆ ಬಂತು. ಬಿಸಿ ಸಾಲದು ಎಂದು ತೀರ್ಮಾನಿಸಿ ಇಸ್ತ್ರಿಪೆಟ್ಟಿಗೆ ತಂದರು. ಅಂಗಿಗೆ ಒಂದು ದಿನ ಇಸ್ತ್ರಿ ಹಾಕದವರು ರೆಕ್ಸಿನ್ ಎದುರು ಮಂಡಿಯೂರಿ ಕೂತದ್ದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದೆ. ಮನೆಯೆಲ್ಲ ಕಮಟು ವಾಸನೆ. ಪೆಟ್ಟಿಗೆ ಎತ್ತಿದಾಗ ಪರದೆಯ ನಟ್ಟನಡುವೆ ದೋಣಿಯಾಕಾರದ ತೂತು, ಪೆಟ್ಟಿಗೆಯ ತಳಕ್ಕೆ ಬಿಳಿಯ ಅಂಟು. ಆಮೇಲೆ ಆ ಪೆಟ್ಟಿಗೆಯಿಂದ ಇಸ್ತ್ರಿ ಹಾಕಿದ ಇವರ ಎಲ್ಲ ಅಂಗಿಗೂ ಬೆನ್ನಿನ ಮೇಲೆ ಆ ಅಂಟಿನ ಗುರುತಿದೆ. ಬೇಕೆಂದೇ ನಾನು ಪೆಟ್ಟಿಗೆ ಉಜ್ಜಲಿಲ್ಲ.

ಅಂದು ಮಧ್ಯಾಹ್ನ ಮುನಿಯಮ್ಮ ಮಜ್ಜಿಗೆ ಕೊಡಲು ಬಂದವಳು ಬಾಗಿಲಲ್ಲೇ ನಿಂತು ಮೂಗಿಗೆ ಸೆರಗು ಹಿಡಿದಳು. ಈ ಭಾಗದ ಹಳೆಯ ಒಕ್ಕಲು ಅವಳು. ಅವಳ ರಾಗಿಹೊಲದ ಮೇಲೆ ಈಗ ಯಾವುದೋ ಕಾರ್ಖಾನೆ ನಿಂತಿದೆ.

"ಇದೇನವ್ವ ನಿಮ್ಮೆಜಮಾನ್ರು ಇಂಗ್ ಮಾಡವ್ರೆ?"

"ಪರದೆ ಮಟ್ಟ ಮಾಡ್ತಿದ್ದಾರೆ ಮುನಿಯಮ್ಮ."

"ನಮ್ ದಿಣ್ಣೆ ಒಲಾನೂ ಇಂಗೇಯಾ, ಮಟ್ಟ ಮಾಡ್ತೀವಿ ಅಂತ ಬಂದ್ರು. ಈಗ ಮಳೆ ಉಯ್ದ್ರೆ ನೀರು ಯಾವ್ ಕಡೀಕೂ ಓಗಾಕಿಲ್ಲ, ಅಲ್ಲೇ ನಿಂತ್ಕತದೆ" ಎಂದು ಹೇಳಿ ಮಜ್ಜಿಗೆ ಇಟ್ಟು ಹೋದಳು.

ಅವಳ ಮಾತಿನ ಮೇಲೆ ನನಗೆ ಹಿರಣ್ಯಾಕ್ಷನ ನೆನಪಾಯಿತು. ಆ ರಾಕ್ಷಸ ಭೂಮಿಯನ್ನು ಚಾಪೆಯ ಹಾಗೆ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಸಮುದ್ರಕ್ಕಿಳಿದನಂತೆ. ವರಾಹಸ್ವಾಮಿ ಅವನನ್ನು ಕೊಂದು ಭೂಮಿಯನ್ನು ತಂದು ಮತ್ತೆ ಹಾಸಿದ. ಇಷ್ಟನ್ನು ಹರಿಕಥೆಯವರು ಹೇಳುತ್ತಾರೆ. ಸುರುಳಿ ಸುತ್ತಿದ್ದನ್ನು ಬಿಚ್ಚಿ ಹಾಸಿದರೆ ಸುಕ್ಕಿರುವುದಿಲ್ಲವೇ ಎಂದು ಯಾರೂ ಕೇಳಿದಂತಿಲ್ಲ. ಇತ್ತು, ಇದ್ದೇ ಇತ್ತು. ನಂದಿಬೆಟ್ಟ ಒಂದು ಸುಕ್ಕು, ಶಿವಗಂಗೆ ಒಂದು ಸುಕ್ಕು. ಸ್ವಾಮಿ ಅದನ್ನು ನೋಡಿ, ಇರಲಿ, ಮಳೆ ನೀರು ಹರಿಯಲು ಒಂದು ಇಳಿಜಾರು ಬೇಕಲ್ಲ ಎಂದು ಬಿಟ್ಟಿರಬೇಕು. ಆ ಹೊತ್ತಿಗೆ ನನ್ನ ಯಜಮಾನರು ಅಲ್ಲಿದ್ದಿದ್ದರೆ ಭೂಮಿಗೆ ನೀಲಿ ಬಳಿದು ನೋಡಿ, ರಿಜೆಕ್ಟ್ ಎಂದು ಮತ್ತೆ ಸಮುದ್ರಕ್ಕೆ ಕಳಿಸುತ್ತಿದ್ದರು.

ವಾರ ಕಳೆಯುತ್ತ ಬಂತು. ಅಮ್ಮನಿಗೆ ಅಳಿಯನ ಎದುರು ನಿಂತು ಮಾತಾಡುವ ರೂಢಿಯಿಲ್ಲ. ಏನಿದ್ದರೂ ಅಡುಗೆಮನೆಯ ಬಾಗಿಲ ಹಿಂದಿನಿಂದ, ನನ್ನ ಹೆಸರು ಕರೆದು, ಅವರಿಗೆ ಕೇಳುವ ಹಾಗೆ ಹೇಳುತ್ತಾಳೆ. ದಿನಾ ಸಂಜೆ ಇವರು ಬರುವ ಹೊತ್ತಿಗೆ ಮುಖ ತೊಳೆದು, ತಲೆ ಬಾಚಿ, ಸೀರೆ ಬದಲಾಯಿಸಿ ಬಾಗಿಲ ಹಿಂದೆ ಬಂದು ನಿಲ್ಲುತ್ತಿದ್ದಳು. "ಕಮಲಾ, ಇವತ್ತು ತೋರಿಸ್ತಾರೇನೆ?" ಎನ್ನುತ್ತಿದ್ದಳು. ಇವರು ಅಳತೆಪಟ್ಟಿಯಿಂದ ತಲೆ ಎತ್ತದೆ, "ನಾಳೆ ಖಂಡಿತ ಅಂತ ಹೇಳು" ಎನ್ನುತ್ತಿದ್ದರು. ನಡುವೆ ನಾನು ಅಂಚೆಯವಳು. ನಿಜ ಹೇಳುತ್ತೇನೆ, ಶುಕ್ರವಾರದ ಹೊತ್ತಿಗೆ ಇವರ ಮುಖ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಒಬ್ಬರು ಬಾಗಿಲು ಎಳೆದುಕೊಂಡು ತೋರಿಸಲಿಲ್ಲ, ಇನ್ನೊಬ್ಬರು ಪರದೆ ಎಳೆಯುತ್ತ ತೋರಿಸುತ್ತಿಲ್ಲ. ಅಮ್ಮನ ಪಾಲಿಗೆ ಇಬ್ಬರೂ ಒಂದೇ.

ಮುಂದಿನ ಭಾನುವಾರ ಕಾರ್ಖಾನೆಯ ಟೂಲ್‌ರೂಮಿನ ಶಾಮಣ್ಣ ಬಂದರು. ಇವರ ಗೆಳೆಯರು, ಇವರಿಗಿಂತ ಒಂದು ಕೈ ಮೇಲು. ಕಬ್ಬಿಣದ ಆಂಗಲ್ಲಿನಲ್ಲಿ ಒಂದು ಚೌಕಟ್ಟು ವೆಲ್ಡ್ ಮಾಡಿಸಿ ತಂದಿದ್ದರು. ಸುತ್ತಲೂ ಕೊಕ್ಕೆ, ಕೊಕ್ಕೆಗೆ ತಿರುಪು, ತಿರುಪಿಗೆ ಹೊಸ ಕೋರಾ ಬಟ್ಟೆ. ಅದನ್ನು ನಡುಮನೆಯಲ್ಲಿ ನಿಲ್ಲಿಸಿದಾಗ ನಮಗೆ ಓಡಾಡಲು ಜಾಗವಿಲ್ಲದೆ ಅಮ್ಮ ಅಡುಗೆಮನೆಗೆ ಅಂಟಿಕೊಂಡಳು. ಬೆಳಗಿನಿಂದ ಸಂಜೆಯವರೆಗೆ ಇಬ್ಬರು ಓದಿದ ಗಂಡಸರು ಒಬ್ಬರು ಆ ಬದಿ, ಒಬ್ಬರು ಈ ಬದಿ ಕೂತು ತಿರುಪು ತಿರುಗಿಸಿದರು. ನೆಲದ ಮೇಲೆ ಟಾರ್ಚು ಇಟ್ಟು ಓರೆಬೆಳಕು ಬಿಟ್ಟು ನೆರಳು ಪರೀಕ್ಷಿಸಿದರು. ಮೂರು ಸಲ ಕಾಫಿ ಕುಡಿದರು. ಈ ಕಡೆ ಬಿಗಿದರೆ ಆ ಕಡೆ ಅಲೆ, ಆ ಕಡೆ ಬಿಗಿದರೆ ಈ ಕಡೆ. ದೀಪ ಹಚ್ಚುವ ಹೊತ್ತಿಗೆ ಪರದೆ ನಿಜಕ್ಕೂ ಚೆನ್ನಾಗಿ ಕೂತಿತ್ತು. ನನ್ನ ಕಣ್ಣಿಗೆ ಯಾವ ಗೆರೆಯೂ ಕಾಣಲಿಲ್ಲ. ಅಮ್ಮ ಸೀರೆ ಬದಲಾಯಿಸಿ ಬಂದಿದ್ದಳು. ಮುನಿಯಮ್ಮನೂ ಬಂದು ಗೋಡೆಗೊರಗಿ ಕೂತಿದ್ದಳು. ಇವರು ಒಂದು ಕಣ್ಣು ಮುಚ್ಚಿದರು.

"ಶಾಮಣ್ಣ, ಕೆಳಗಡೆ ಸ್ವಲ್ಪ."

"ಇನ್ನೊಂದು ಸುತ್ತು ಕೊಟ್ರೆ ಸರಿಹೋಗತ್ತೆ ಬಿಡಿ ಸಾರ್" ಎಂದು ಶಾಮಣ್ಣ ಇನ್ನೊಂದು ಸುತ್ತು ಕೊಟ್ಟರು.

ಪರ್‌ರ್ ಎಂದಿತು. ಕೆಳಗಿನಿಂದ ಮೇಲಿನವರೆಗೆ ಒಂದೇ ಸೀಳು. ಇಬ್ಬರೂ ತಲೆಯ ಮೇಲೆ ಕೈಹೊತ್ತು ಕೂತರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ನಾಳೆ ಬೆಳಿಗ್ಗೆ ಅಮ್ಮ ಬಸ್ಸು ಹತ್ತುತ್ತಾಳೆ. ಮತ್ತೆ ಯಾವಾಗ ಬರುತ್ತಾಳೋ, ಬಂದರೂ ಅವಳ ಕಣ್ಣು ಹೇಗಿರುತ್ತದೋ. ಈಗಲೇ ಒಂದು ಕಣ್ಣಿಗೆ ಪೊರೆ ಬರುತ್ತಿದೆ. ನಾನು ಏನೋ ಒರಟಾಗಿ ಅನ್ನಬೇಕು ಎಂದು ಬಾಯಿ ತೆರೆದಾಗ ಅಮ್ಮ ಕಾಣಿಸಲಿಲ್ಲ. ಒಳಗೆ ಹೋಗಿದ್ದವಳು ಕೈಯಲ್ಲೊಂದು ಸೀರೆ ಹಿಡಿದು ಬಂದಳು. ಮಾವನ ಮಗಳ ಮದುವೆಗೆಂದು ತೆಗೆದಿಟ್ಟಿದ್ದ ಹೊಸ ಸೀರೆ. ಅಂಚಿಲ್ಲ, ಸೆರಗಿಲ್ಲ, ಬರೀ ಬಿಳಿ. ಗಂಡ ಸತ್ತ ಮೇಲೆ ಅವಳಿಗೆ ಉಡಲು ಬಿಟ್ಟಿದ್ದು ಅದೊಂದೇ ಬಣ್ಣ.

"ಕಮಲಾ, ಇದಾಗತ್ತೇನೋ ಕೇಳು" ಎಂದಳು.

ಕಿಟಕಿಯ ಸರಳಿನಿಂದ ಎದುರು ಗೋಡೆಯ ಮೊಳೆಗೆ ಒಗೆದ ಬಟ್ಟೆಯ ಹಗ್ಗ ಎಳೆದು, ಸೀರೆಯನ್ನು ಎರಡು ಮಡಿಕೆ ಮಾಡಿ ನಾನೇ ಹೊದಿಸಿದೆ. ಇವರು ಹತ್ತಿರ ಬಂದು, "ಮಡಿಸಿಟ್ಟ ಗೆರೆಗಳಿವೆಯಲ್ಲೇ, ಒಂದ್ಸಲ ಇಸ್ತ್ರಿ..." ಎಂದು ಶುರುಮಾಡಿದರು.

"ರೀ, ಲೈಟು ಆರಿಸ್ತೀರೋ ಇಲ್ವೋ" ಎಂದೆ. ಆರಿಸಿದರು.

ಚಿತ್ರ ಮೂಡಿತು. ಓಲಗದವರು ಕೆನ್ನೆ ಉಬ್ಬಿಸಿ ಸದ್ದಿಲ್ಲದೆ ಊದಿದರು. ಮಾವ ಬಾಯಿ ತೆರೆದು ಯಾರಿಗೋ ಗದರಿಸಿದರು, ಅದೂ ಸದ್ದಿಲ್ಲದೆ, ಹಾಗಾಗಿ ಬಹಳ ಒಳ್ಳೆಯವರಾಗಿ ಕಂಡರು. "ಅಯ್ಯೋ, ಬೂದುಗುಂಬಳದ ಹುಳಿ ಹಂಡೆ" ಎಂದಳು ಅಮ್ಮ. ಆಮೇಲೆ ಮಂಟಪ ಬಂತು. ನನಗೂ ಇವರಿಗೂ ನಡುವೆ ಅಂತರಪಟ ಹಿಡಿದಿದ್ದರು. ಮುಹೂರ್ತದ ತನಕ ವಧೂವರರು ಒಬ್ಬರನ್ನೊಬ್ಬರು ನೋಡದಿರಲೆಂದು ಅಡ್ಡ ಹಿಡಿಯುವ ಆ ಬಟ್ಟೆ, ಹಿಡಿದವರ ಕೈ ಸೋತು ನಡುವೆ ಜೋತುಬಿದ್ದು ಮೈತುಂಬ ಸುಕ್ಕಾಗಿತ್ತು. ಅದರ ಒಂದು ಬದಿಯಲ್ಲಿ ನಿಂತಿದ್ದ ಮದುಮಗ ಅಂದು ಅದನ್ನು ಅಳೆದಂತೆ ಕಾಣಲಿಲ್ಲ.

ಬಟ್ಟೆ ಸರಿಯಿತು. ಜೀರಿಗೆ ಬೆಲ್ಲ ಕೈಯಲ್ಲಿ ಹಿಡಿದ ನಾನು ತಲೆ ಎತ್ತಿದೆ. ಅಮ್ಮ ಬಾಗಿಲ ಹಿಂದಿನಿಂದ ಯಾವಾಗ ಈಚೆ ಬಂದಿದ್ದಳೋ, ಸೀರೆಯ ತೀರ ಹತ್ತಿರ ಕೂತು ನನ್ನ ಮುಖ ನೋಡುತ್ತಿದ್ದಳು. ಸೀರೆಯ ಮೇಲಿನ ಮುಖವನ್ನು, ಪಕ್ಕದಲ್ಲಿದ್ದ ನನ್ನನ್ನಲ್ಲ.

"ಮತ್ತೊಂದ್ಸಲ ಹಾಕೋಕಾಗತ್ತಾ?" ಎಂದಳು. ಮತ್ತೆ ಹಾಕಿದರು. ಮತ್ತೆ ಮಂಟಪ ಬಂತು. ಇನ್‌ಸ್ಪೆಕ್ಷನ್ನಿನ ಕಣ್ಣು ಎಷ್ಟು ಹೊತ್ತು ಸುಮ್ಮನಿದ್ದೀತು? ಇವರು ಕೂತಲ್ಲಿಂದಲೇ ಗೊಣಗಿದರು. "ಎಡಗಡೆ ಅಲ್ಲಿ ಉದ್ದಕ್ಕೆ ಒಂದು ಸುಕ್ಕು ಬಿಳೀಗೆ ಹೊಡೀತಿದೆ. ಒಂದು ನಿಮಿಷ" ಎಂದು ಎದ್ದರು. ನನಗೂ ಕಂಡಿತು. ಮಂಟಪದ ಹಿಂದಿನ ಕತ್ತಲಲ್ಲಿ ಮೇಲಿನಿಂದ ಕೆಳಗೆ ಒಂದು ಸಣ್ಣ ಬಿಳಿ ಗೆರೆ. ಇವರು ಹೋಗಿ ಅಂಗೈಯಿಂದ ಸವರಿದರು. ಗೆರೆ ಹೋಗಲಿಲ್ಲ. ಅಂಗೈಯನ್ನು ಅದರ ಮೇಲೆಯೇ ಒತ್ತಿ ಹಿಡಿದರು. ಬಟ್ಟೆಯ ಸುಕ್ಕಾಗಿದ್ದರೆ ಕೈಯ ಕೆಳಗೆ ಅಡಗಬೇಕಿತ್ತು. ಅದು ಇವರ ಕೈಯ ಮೇಲೆ ಬಂದು ನಿಂತಿತು.

ಅದು ರೀಲಿನಲ್ಲೇ ಇದ್ದ ಗೆರೆ. ಮಂಟಪದ ಹಿಂದೆ ಕಾಣುತ್ತಿದ್ದದ್ದು ಉಗ್ರಾಣದ ಬಾಗಿಲು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಆ ಸಂದಿಯಲ್ಲಿ ಒಂದು ಬಿಳಿ ಸೀರೆ ನಿಂತಿತ್ತು. ಮುಂದೆ ಜನ, ಜನರ ಬೆನ್ನು. ಆ ಸಂದಿಯಿಂದ ಅವಳಿಗೆ ಏನು ಕಂಡೀತು?

ಇವರು ಕೈ ತೆಗೆಯಲಿಲ್ಲ. ಶಾಮಣ್ಣ ಕೆಮ್ಮಿದರು. ಅಮ್ಮ ಜೀವನದಲ್ಲಿ ಮೊದಲ ಸಲ ನೇರವಾಗಿ ಅಳಿಯನಿಗೆ ಹೇಳಿದಳು.

"ಕೂತ್ಕೊಳ್ಳಿ. ಅದು ಬರೀ ಸುಕ್ಕು. ಇರ್ಲಿ ಬಿಡಿ."

ಮರುದಿನ ಅಮ್ಮ ಸೀರೆಯನ್ನು ಹಳೆಯ ಗೆರೆಯ ಮೇಲೆಯೇ ಮಡಿಸಿ ಚೀಲದಲ್ಲಿಟ್ಟುಕೊಂಡು ಕಾಡುಗೋಡಿಗೆ ಹೋದಳು. ಇವರು ಚೌಕಟ್ಟನ್ನು ಮುನಿಯಮ್ಮನಿಗೆ ಕೊಟ್ಟರು. ಅವಳು ಅದರ ಮೇಲೆ ಅವರೆ ಬಳ್ಳಿ ಹಬ್ಬಿಸಿದಳು. ಪರದೆಯ ಮಾತು ನಮ್ಮ ಮನೆಯಲ್ಲಿ ನಿಂತಿತು. ಹಾಗೆಂದು ಇವರು ಬದಲಾದರೆಂದು ತಿಳಿಯಬೇಡಿ, ದೋಸೆಯ ಅಂಚು ಈಗಲೂ ಒಂದು ಕಡೆ ದಪ್ಪವೇ.

ಮಾವನ ಮಗಳ ಮದುವೆಗೆ ನಾವಿಬ್ಬರೂ ಹೋದೆವು. ಅದೇ ಛತ್ರ, ಅದೇ ಮಂಟಪ. ಮುಹೂರ್ತ ಹತ್ತಿರ ಬಂದಾಗ ಮಾವ ಅದೇ ಮಾತು ಹೇಳಿದರು, ಅಮ್ಮ ಅದೇ ಉಗ್ರಾಣಕ್ಕೆ ಹೋದಳು. ನಾನು ಹಲ್ಲು ಕಚ್ಚಿಕೊಂಡು ಸುತ್ತ ನೋಡಿದರೆ ನನ್ನ ಯಜಮಾನರು ರೇಷ್ಮೆ ಪಂಚೆ ಎತ್ತಿಕಟ್ಟಿ, ಉಗ್ರಾಣದ ಬಾಗಿಲ ಮುಂದೆ ಒಂದು ಕಣ್ಣು ಮುಚ್ಚಿ ನಿಂತಿದ್ದಾರೆ. ಕೈಯಲ್ಲಿ ಸ್ಕ್ರೂಡ್ರೈವರು. ಮಾವ ಓಡಿ ಬಂದರು.

"ಇದೇನ್ ಮಾಡ್ತಿದ್ದೀರಿ ಅಳಿಯಂದ್ರೆ, ಈ ಹೊತ್ನಲ್ಲಿ?"

"ಬಾಗಿಲು ತಿರುಚಿಕೊಂಡಿದೆ ಮಾವ. ಸರಿಯಾಗಿ ಕೂರ್ತಿಲ್ಲ, ಸಂದಿ ಬಿಟ್ಟಿದೆ. ಇದು ರಿಜೆಕ್ಟ್" ಎಂದರು ಇವರು, ಕಾರ್ಖಾನೆಯ ದನಿಯಲ್ಲಿ. ತಿರುಪು ಕಳಚಿ ಬಾಗಿಲನ್ನು ಎತ್ತಿ ಪಕ್ಕದ ಗೋಡೆಗೆ ಒರಗಿಸಿದರು. ಎದುರಿಗಿದ್ದ ಜನರನ್ನು, "ಸ್ವಲ್ಪ ಆ ಕಡೆ ಜರುಗಿ, ಕೆಲಸ ನಡೀತಿದೆ" ಎಂದು ಸರಿಸಿದರು. ಸರ್ಕಾರಿ ಕಾರ್ಖಾನೆಯ ಎಂಜಿನಿಯರಿಗೆ ಎದುರು ಹೇಳುವ ಧೈರ್ಯ ಮಾವನಿಗಿರಲಿಲ್ಲ.

"ಉಗ್ರಾಣ ತೆರೆದೇ ಇದ್ರೆ ಸಾಮಾನಿನ ಗತಿ?" ಎಂದರು ಕೊನೆಗೆ.

"ಅತ್ತೆ ಇದ್ದಾರಲ್ಲ, ನೋಡ್ಕೋತಾರೆ" ಎಂದರು ಇವರು.

ಅಮ್ಮ ಬೆಲ್ಲದ ಮೂಟೆಯ ಮೇಲೆ ಕೂತು ಪೂರ್ತಿ ಮುಹೂರ್ತ ನೋಡಿದಳು. ಯಾರ ಶಾಸ್ತ್ರವೂ ಮುರಿಯಲಿಲ್ಲ, ಅವಳು ಉಗ್ರಾಣದೊಳಗೇ ಇದ್ದಳು. ಊಟವಾದ ಮೇಲೆ ಇವರು ಬಾಗಿಲನ್ನು ಮತ್ತೆ ಕೂರಿಸಿದರು. ಅದು ಅಂದಿನಿಂದ ಮುಚ್ಚಿಕೊಳ್ಳುವುದೇ ಇಲ್ಲವಂತೆ. ಕಾಡುಗೋಡಿಗೆ ಹೋದಾಗಲೆಲ್ಲ ಮಾವ ಇವರ ಕೆಲಸಗಾರಿಕೆಯನ್ನು ಮನಸಾರೆ ಬಯ್ಯುತ್ತಾರೆ. ಇವರು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾರೆ, ನಾನೂ ಮಾವನ ಜೊತೆ ಸೇರಿ ನಾಲ್ಕು ಮಾತು ಬಯ್ಯುತ್ತೇನೆ. ಮನೆಗೆ ಬಂದ ಮೇಲೆ, ಅಂದು ಬೇಕೆಂದೇ ಬಿಟ್ಟಿದ್ದ ಅಂಟು ಹೋಗಲೆಂದು, ಇಸ್ತ್ರಿಪೆಟ್ಟಿಗೆಯ ತಳ ಉಜ್ಜುತ್ತೇನೆ.